ಹೇಮಾವತಿ ದಂಡೆಯಲ್ಲಿ ಮನ್ನಾರ್‌ಗುಡಿಯ ಅಪ್ಪ: ನಾಲ್ಕು ದಿನದ ಪಯಣ

ತಮಿಳುನಾಡಿನ ಕಾವೇರಿ ಬಯಲಿನ ಮನ್ನಾರ್‌ಗುಡಿ ಕಡೆ ಜುಲೈ ಅಂದರೆ ಕಾಯುವ ತಿಂಗಳು. ಮೆಟ್ಟೂರು ಅಣೆಕಟ್ಟಿನಲ್ಲಿ ಗೇಟು ಎತ್ತಿದರೂ ಆ ನೀರು ಕಲ್ಲಣೈ ಕಟ್ಟೆ ದಾಟಬೇಕು, ವೆಣ್ಣಾರ್ ಹೊಳೆಗೆ ತಿರುಗಬೇಕು, ಪಾಮಣಿ ಹೊಳೆಗೆ ಬರಬೇಕು. ಅಲ್ಲಿಂದ ಕಾಲುವೆ ಕೊನೆಯ ಗದ್ದೆ ಮುಟ್ಟುವಷ್ಟರಲ್ಲಿ ರೈತರ ಜೀವ ಬಾಯಿಗೆ ಬಂದಿರುತ್ತದೆ. ನನ್ನ ಗೆಳತಿಯ ಅಪ್ಪನದು ಅಂಥ ಕೊನೆಯ ಗದ್ದೆ. ಜೂನ್‌ನಲ್ಲಿ ಇಡುವ ಕುರುವೈ ಭತ್ತದ ಬೆಳೆಯನ್ನು ಅವರು ಕೈಬಿಟ್ಟು ತುಂಬಾ ವರ್ಷ ಆಯಿತು. ಈಗ ಸಾಂಬಾ ಒಂದೇ. ಆಗಸ್ಟ್‌ನಲ್ಲಿ ಬಿತ್ತನೆ, ಸಂಕ್ರಾಂತಿ ಆಸುಪಾಸಿಗೆ ಕೊಯ್ಲು. ಜುಲೈ ಪೂರ್ತಿ ಬೆಳಗ್ಗೆ ಎದ್ದು ಪೇಪರಿನಲ್ಲಿ ಮೆಟ್ಟೂರಿನ ಮಟ್ಟ ನೋಡುವುದೇ ಕೆಲಸ.

"ಸುಮ್ನೆ ಕೂತು ಪೇಪರ್ ನೋಡೋ ಬದಲು ನಮ್ಮೂರಿಗೆ ಬನ್ನಿ ಅಪ್ಪಾ, ನೀರು ಹೊರಡೋ ಜಾಗ ತೋರಿಸ್ತೀನಿ" ಎಂದು ಫೋನಿನಲ್ಲಿ ಕರೆದೆ. ನಾನೂ ಅವರನ್ನು ಅಪ್ಪಾ ಅಂತಲೇ ಕರೆಯುತ್ತೇನೆ. ಹೀಗೆ ಕರೆಯಲು ಶುರು ಮಾಡಿದ್ದು 2016ರಿಂದ.

ಆ ವರ್ಷ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ಬಸ್ಸು, ಲಾರಿಗಳು ಹೊತ್ತಿ ಉರಿದವು. ನಾವಿಬ್ಬರೂ ಆಗ ಒಂದೇ ಪಿ.ಜಿ.ಯಲ್ಲಿದ್ದೆವು. ಅವಳ ಸ್ಕೂಟರಿಗೆ ತಮಿಳುನಾಡಿನ ನಂಬರ್. ಸಂಜೆ ಅದನ್ನು ಗೇಟಿನೊಳಗೆ ತಳ್ಳಿ, ನೀರಿನ ಡ್ರಮ್ಮುಗಳ ಹಿಂದೆ ನಿಲ್ಲಿಸಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೆವು. ರಾತ್ರಿ ಅವಳು ಅಪ್ಪನ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಜೋರಾಗಿ ತಮಿಳು ಮಾತಾಡಿದರೆ ಬೀದಿಗೆ ಕೇಳಿಸೀತು ಅಂತ. ಕೊನೆಗೆ ಫೋನು ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಒಂದೇ ಮಾತು: "ಅಮ್ಮಾ, ಪಾತ್ತುಕ್ಕೊ." ನೋಡಿಕೋ ಅಂತ. ನಾನು ಹೇಮಾವತಿ ನೀರು ಕುಡಿದು ಬೆಳೆದವಳು. ನಮ್ಮ ಹೊಳೆ ಹೋಗಿ ಸೇರುವುದೂ ಕಾವೇರಿಯನ್ನೇ. ಆ ಪಿಸುಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ ನಾನು ಹಾಸನದಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಈ ಸಲದ ಜುಲೈನಲ್ಲಿ ಅಪ್ಪ, ಮಗಳು ಇಬ್ಬರೂ ಹಾಸನಕ್ಕೆ ಬಂದಿಳಿದರು. ಗಾಡಿ ಓಡಿಸಲು ನನ್ನ ತಮ್ಮ ಒಪ್ಪಿಕೊಂಡ.

ಮೊದಲನೇ ದಿನ

ಬೇಲೂರು ದಾಟುವವರೆಗೆ ತುಂತುರು. ಮೂಡಿಗೆರೆಯಲ್ಲಿ ಮಳೆ ಹಿಡಿಯಿತು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ನೀರುದೋಸೆ ತಿಂದೆವು. ಅಲ್ಲಿಗೆ ಬಂದು ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ. ಅಪ್ಪ ಎರಡು ದೋಸೆ ತಿಂದು ಎದ್ದು ಬಾಗಿಲಲ್ಲಿ ನಿಂತರು. ಹೊರಗೆ ಮಳೆ ಹಗ್ಗ ಇಳಿಬಿಟ್ಟ ಹಾಗೆ ಸುರಿಯುತ್ತಿತ್ತು.

"ಇದು ಎಷ್ಟು ಹೊತ್ತು ಬರುತ್ತೆ?" ಎಂದು ಮಗಳ ಮೂಲಕ ಕೇಳಿಸಿದರು.

"ಹೊತ್ತು ಕೇಳ್ತೀರಲ್ಲ ಯಜಮಾನ್ರೆ, ತಿಂಗಳು ಕೇಳಿ" ಎಂದರು ಹೋಟೆಲಿನವರು.

ಅಪ್ಪ ಇಂಥ ಮಳೆಯನ್ನು ಜುಲೈನಲ್ಲಿ ನೋಡಿದ್ದೇ ಇಲ್ಲ. ಅವರ ಕಡೆ ದೊಡ್ಡ ಮಳೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹಿಂಗಾರಿನಲ್ಲಿ. ಅದಕ್ಕೇ ಜೂನ್‌ನಿಂದ ಅಲ್ಲಿವರೆಗೆ ಅವರ ಬದುಕು ನಮ್ಮ ಮುಂಗಾರಿನ ಮೇಲೆ ನಿಂತಿದೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಆ ಬಾಗಿಲಲ್ಲಿ ಅವರು ಕೈ ಚಾಚಿ ಸೂರಿನ ನೀರು ಹಿಡಿದು ನಿಂತಿದ್ದನ್ನು ನೋಡಿದಾಗಲೇ ಸರಿಯಾಗಿ ಅರ್ಥವಾಯಿತು.

ಈ ಘಟ್ಟದ ನೆತ್ತಿಯಲ್ಲಿ ನೀರಿಗೂ ಒಂದು ಗಡಿ ಇದೆ. ಚಾರ್ಮಾಡಿ ಕಡೆಗೆ ಬಿದ್ದ ಹನಿ ನೇತ್ರಾವತಿ ಸೇರಿ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈ ಕಡೆ ಬಿದ್ದದ್ದು ಹೇಮಾವತಿಗೆ ಇಳಿದು, ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಗೆ ಸೇರಿ, ರಾಜ್ಯದ ಗಡಿಯ ಬಿಳಿಗುಂಡ್ಲು ದಾಟಿ ಬಂಗಾಳ ಕೊಲ್ಲಿಗೆ. ಗಾಳಿ ಸ್ವಲ್ಪ ಆಚೀಚೆ ತಳ್ಳಿದರೆ ಆ ಹನಿ ಯಾರ ಗದ್ದೆಯದು ಎಂಬುದೇ ಬದಲಾಗುತ್ತದೆ.

ಜಾವಳಿ ತಲುಪುವಾಗ ಮಧ್ಯಾಹ್ನ. ಬಲ್ಲಾಳರಾಯನ ದುರ್ಗದ ಬೆಟ್ಟಸಾಲಿನ ಮಡಿಲಿನಲ್ಲಿ ಒಂದು ಗಣಪತಿ ಗುಡಿ, ಪಕ್ಕದಲ್ಲಿ ಚಿಕ್ಕ ಕೊಳ. ಹೇಮಾವತಿ ಹುಟ್ಟುವುದು ಇಲ್ಲಿ ಎಂದು ನಂಬಿಕೆ. ಅಪ್ಪ ಚಪ್ಪಲಿ ಬಿಟ್ಟು ಕೊಳದ ಹತ್ತಿರ ಹೋದರು. ಬಗ್ಗಿ ನೋಡಿದರು.

"ಇವ್ವಳವುದಾನಾ?" ಎಂದರು. ಇಷ್ಟೇನಾ?

ಅವರ ಮುಖ ಸಣ್ಣಗಾಯಿತು. ಇಷ್ಟು ದೂರದಿಂದ ಬಂದವರಿಗೆ ಒಂದು ಬಾವಿಯಷ್ಟು ನೀರು ತೋರಿಸಿದ ಹಾಗಾಯಿತಲ್ಲ ಎಂದು ನನಗೂ ಕಸಿವಿಸಿ. ಅವರನ್ನು ಕರೆದುಕೊಂಡು ರಸ್ತೆಗೆ ಬಂದೆ. ಎಡಕ್ಕೊಂದು ಹಳ್ಳ, ಬಲಕ್ಕೊಂದು ತೊರೆ. ತೋಟದ ಚರಂಡಿಗಳಿಂದ ಕೆಂಪು ನೀರು ರಸ್ತೆಗೇ ಹಾರುತ್ತಿತ್ತು. ನಡೆಯುತ್ತ ಎಣಿಸಿದೆವು. ಹನ್ನೊಂದಕ್ಕೆ ಲೆಕ್ಕ ತಪ್ಪಿತು. ಇಷ್ಟೂ ಹೋಗುವುದು ಒಂದೇ ಕಡೆಗೆ. ಕೊಳ ಪೂಜೆಗೆ ಒಂದು ಗುರುತು ಅಷ್ಟೆ. ಹೊಳೆ ಹುಟ್ಟುವುದು ಇಡೀ ಬೆಟ್ಟದಲ್ಲಿ.

ಕಂಬಳಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದ ಒಬ್ಬ ಹಿರಿಯರು ನಿಂತು ಮಾತಾಡಿಸಿದರು. ಅಪ್ಪನ ಊರು ಕೇಳಿ, "ಅಷ್ಟು ದೂರ ಹೋಗುತ್ತಾ ಇದು!" ಎಂದರು. ಆಮೇಲೆ ಒಂದು ಮಾತು ಸೇರಿಸಿದರು. ಏಪ್ರಿಲ್‌ನಲ್ಲಿ ಬಂದಿದ್ದರೆ ಇದೇ ಹಳ್ಳದಲ್ಲಿ ಕಲ್ಲು ಬಿಟ್ಟು ಏನೂ ಕಾಣುತ್ತಿರಲಿಲ್ಲವಂತೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. 2023ರ ಕಥೆ ಹೇಳಿದೆ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆ ವರ್ಷ ಅವರು ನಮ್ಮ ಮೇಲೆ ತುಂಬಾ ಸಿಟ್ಟಾಗಿದ್ದರು, ಅದು ನನಗೆ ಗೊತ್ತಿತ್ತು.

ಹೊರಡುವ ಮುಂಚೆ ಅವರು ವಾಪಸ್ ಹೋಗಿ ಕೊಳದ ನೀರನ್ನು ಒಂದು ಬಾಟಲಿಗೆ ತುಂಬಿಸಿಕೊಂಡರು. ಆಗಸ್ಟ್ ಮೊದಲ ವಾರ ಅವರ ಕಡೆ ಆಡಿ ಪೆರುಕ್ಕು, ಆಡಿ ತಿಂಗಳ ಹದಿನೆಂಟನೇ ದಿನ. ಹೊಳೆ ತುಂಬಿ ಬರುವುದಕ್ಕೆ ಮಾಡುವ ಹಬ್ಬ. ಹೆಂಗಸರು ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಪೂಜೆ ಮಾಡುತ್ತಾರೆ. "ಈ ಸಲ ನೀರು ಬರದಿದ್ದರೂ ಇದು ಇರುತ್ತೆ" ಎಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟರು. ಗಾಡಿ ಹತ್ತಿದ ಮೇಲೆ ಮೂವರ ಕಾಲಲ್ಲೂ ಉಂಬಳ. ತಮ್ಮ ಸುಣ್ಣ ಹಚ್ಚಿ ಬಿಡಿಸಿದ.

ಎರಡನೇ ದಿನ

ಸಕಲೇಶಪುರಕ್ಕೆ ಬಂದೆವು. ಸೇತುವೆ ಮೇಲೆ ನಿಂತರೆ ಹೇಮಾವತಿ ನಿನ್ನೆ ಕಂಡ ಹೊಳೆಯೇ ಅಲ್ಲ. ಕೆಂಪಗೆ, ಅಗಲವಾಗಿ, ಮರದ ಕೊಂಬೆ ಹೊತ್ತುಕೊಂಡು ಹೋಗುತ್ತಿತ್ತು.

ಎತ್ತಿನಹೊಳೆಯ ಕೊಳವೆಗಳನ್ನು ದಾರಿಯಲ್ಲಿ ನೋಡಿದ ಅಪ್ಪ ಇದೇನು ಎಂದು ಕೇಳಿದರು. ಒಳಗೆ ಕಾರೇ ಹೋಗುವಷ್ಟು ದೊಡ್ಡವು. ಘಟ್ಟದ ಪಶ್ಚಿಮಕ್ಕೆ ಹರಿಯುವ ತೊರೆಗಳಿಂದ 24.01 ಟಿಎಂಸಿ (ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ) ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗೆ ಒಯ್ಯುವ ಯೋಜನೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಶುರುವಾಯಿತು. ಕಾಡು ಹೋಯಿತು, ಗುಡ್ಡ ಕುಸಿಯಿತು ಎಂದು ಸಕಲೇಶಪುರದವರಿಗೆ ನೋವು. ಕುಡಿಯುವ ನೀರಿಲ್ಲ ಎಂದು ಕೋಲಾರದವರಿಗೆ ನೋವು. "ಓಹೋ, ನಿಮ್ಮ ನಿಮ್ಮಲ್ಲೂ ಇದೆಯಾ?" ಎಂದರು ಅಪ್ಪ. ಇದೆ ಅಪ್ಪಾ, ಬೇಕಾದಷ್ಟಿದೆ. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕಾಲುವೆ ಬೇಡ ಎಂದು ತುಮಕೂರು ಜಿಲ್ಲೆಯ ರೈತರು ಬೀದಿಗಿಳಿದಿದ್ದೂ ಈಚೆಗೇ. ರಾಜ್ಯದ ಗಡಿಯಲ್ಲಿ ಮಾತ್ರ ಜಗಳ ಅಂದುಕೊಳ್ಳುವುದು ತಪ್ಪು. ತಾಲ್ಲೂಕಿನ ಗಡಿಯಲ್ಲೂ, ಎರಡು ಗದ್ದೆಯ ನಡುವಿನ ಬದುವಿನಲ್ಲೂ ಅದೇ ಜಗಳ.

ಸಂಜೆ ತೋಟದ ಮನೆಗೆ ಹೋಗುವ ದಾರಿಯಲ್ಲಿ ಒಂದು ಕಂಬದ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ತಮ್ಮ ಗಾಡಿ ನಿಧಾನ ಮಾಡಿದ. ಸುತ್ತ ಆನೆ ಇದೆ ಅಂತ ಅರ್ಥ. ಅಷ್ಟರಲ್ಲಿ ತೋಟದ ಮನೆಯ ಅಕ್ಕನ ಫೋನ್ ಬಂತು: "ಮೆಸೇಜ್ ಬಂದಿದೆ, ಗುಂಪು ಕೆಳಗಡೆ ಕಾಡಲ್ಲಿದೆಯಂತೆ. ಅಲ್ಲೇ ಇರಿ, ನಾನು ಹೇಳ್ತೀನಿ." ಅರ್ಧ ಗಂಟೆ ಗಾಡಿಯಲ್ಲೇ ಕೂತೆವು.

ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಯಿಂದ ಸತ್ತವರ ಮನೆಗಳು ಎಷ್ಟೋ. ಬೆಳಗ್ಗೆ ಕೆಲಸಕ್ಕೆ ಹೋದ ಕೂಲಿಯವರು ತೋಟದ ತಿರುವಿನಲ್ಲಿ ಎದುರಾಬದುರಾಗಿ ಜೀವ ಕಳೆದುಕೊಂಡಿದ್ದಾರೆ. ಆನೆ ಎಲ್ಲಿದೆ ಎಂದು ಮೊದಲೇ ಗೊತ್ತಾದರೆ ಅರ್ಧ ಅಪಾಯ ಕಡಿಮೆ. ಈ ದೀಪ, ಈ ಮೆಸೇಜು ಮೊದಲು ಬಳಕೆಗೆ ಬಂದದ್ದು ತಮಿಳುನಾಡಿನ ವಾಲ್ಪಾರೈಯಲ್ಲಿ, ಟೀ ತೋಟದ ಕಾರ್ಮಿಕರಿಗಾಗಿ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಲ್ಲಿ ಜನರ ಜೊತೆ ಸೇರಿ ಕಟ್ಟಿದ ವ್ಯವಸ್ಥೆ. ಅದೇ ಆಮೇಲೆ ಅರಣ್ಯ ಇಲಾಖೆ ಜೊತೆಗೂಡಿ ಹಾಸನಕ್ಕೆ ಬಂತು.

ಗಾಡಿಯ ಕತ್ತಲಲ್ಲಿ ಕೂತು ಗೆಳತಿ ಇದನ್ನು ಅಪ್ಪನಿಗೆ ತಮಿಳಿನಲ್ಲಿ ಹೇಳಿದಳು. ಅಪ್ಪ ನಕ್ಕರು. "ಹಾಗಾದ್ರೆ ನಾವೂ ನಿಮಗೆ ಏನೋ ಕೊಟ್ಟಿದ್ದೀವಿ" ಎಂದರು.

ರಾತ್ರಿ ಊಟಕ್ಕೆ ಅಕ್ಕಿ ಕಡುಬು, ಕಳಲೆ ಪಲ್ಯ. ಊಟದ ಮೇಲೆ ಅಪ್ಪ ತಾವಾಗಿ ಒಂದು ವಿಷಯ ತೆಗೆದರು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2002ರಲ್ಲಿ ಮಳೆ ಕೈಕೊಟ್ಟು ಎರಡೂ ಕಡೆ ಕಾವೇರಿ ಬೆಂಕಿಯಾಗಿತ್ತು. ಮಾರನೇ ವರ್ಷ, 2003ರಲ್ಲಿ, ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಪ್ರೊಫೆಸರ್ ಎಸ್. ಜನಕರಾಜನ್ ಎರಡೂ ರಾಜ್ಯದ ರೈತ ಮುಖಂಡರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಅದರಿಂದ ಹುಟ್ಟಿದ್ದು ಕಾವೇರಿ ಕುಟುಂಬ. ಇಲ್ಲಿನ ರೈತರು ಅಲ್ಲಿಗೆ ಹೋಗಿ ಒಣಗಿದ ಗದ್ದೆ ನೋಡಿದರು. ಅಲ್ಲಿನವರು ಇಲ್ಲಿಗೆ ಬಂದು ನಮ್ಮ ಅಣೆಕಟ್ಟು, ನಮ್ಮ ಗದ್ದೆ ನೋಡಿದರು. ಎದುರು ಕಡೆಯವನೂ ಸಾಲದಲ್ಲಿದ್ದಾನೆ ಎಂದು ಇಬ್ಬರಿಗೂ ಗೊತ್ತಾಯಿತು. ಸರ್ಕಾರಗಳು ಅದನ್ನು ಮುಂದಕ್ಕೆ ಒಯ್ಯಲಿಲ್ಲ. ಅದು ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ. ನೂರಾರು ವಕೀಲರು ವರ್ಷಾನುಗಟ್ಟಲೆ ಮಾತಾಡಿದ ಜಾಗದಲ್ಲಿ ರೈತರು ರೈತರ ಜೊತೆ ಮಾತಾಡಿದ್ದು ಅಪರೂಪಕ್ಕೆ ಇದೊಂದೇ ಸಲ.

"ಪಕ್ಕದೂರಿನ ಒಬ್ಬರು ಹೋಗಿದ್ದರು. ನನ್ನನ್ನೂ ಕರೆದರು" ಎಂದರು ಅಪ್ಪ. "ನಾನು ಹೋಗಲಿಲ್ಲ. ನೀರು ಕೊಡದವರ ಮನೆಗೆ ಏನು ಹೋಗೋದು ಅಂದೆ. ಇಪ್ಪತ್ತು ವರ್ಷ ತಡ ಮಾಡಿದೆ."

ಮೂರನೇ ದಿನ

ಬೆಳಗ್ಗೆ ಶೆಟ್ಟಿಹಳ್ಳಿ. ಇಲ್ಲಿ ಎಲ್ಲರೂ ಚರ್ಚಿನ ಫೋಟೋ ತೆಗೆಯಲು ಬರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ರೋಸರಿ ಚರ್ಚು. ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ತೇಲುತ್ತದೆ. ನಾವು ಹೋದಾಗ ನೀರು ಕಮಾನಿನ ಬುಡಕ್ಕೆ ಬಂದಿತ್ತು. ಗೋಡೆಯಿಂದ ಇಟ್ಟಿಗೆ ಕಳಚಿ ಬೀಳುತ್ತಿದೆ. ಛಾವಣಿ ಯಾವಾಗಲೋ ಹೋಗಿದೆ.

ಅಪ್ಪ ಚರ್ಚನ್ನು ಹೆಚ್ಚು ನೋಡಲಿಲ್ಲ. ಸುತ್ತಲ ನೀರು ನೋಡುತ್ತಿದ್ದರು. "ಊರು ಎಲ್ಲಿ?" ಎಂದು ಕೇಳಿದರು.

ಊರು ಕೆಳಗೆ ಅಪ್ಪಾ. ಗದ್ದೆ, ಮನೆ, ಬಾವಿ, ಸ್ಮಶಾನ ಎಲ್ಲವೂ. ಇಲ್ಲಿಂದ ಎದ್ದು ಹೋದವರು ಬೇರೆ ಕಡೆ ಬದುಕು ಕಟ್ಟಿಕೊಂಡರು. ನನ್ನ ಅಜ್ಜಿಯ ತವರೂ ಹೀಗೇ ನೀರಿನಡಿಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಬಂದು ತಮ್ಮ ಮನೆಯ ಒರಳುಕಲ್ಲು ಹುಡುಕುತ್ತಿದ್ದರು. ಒಂದು ವರ್ಷ ಸಿಕ್ಕಿತ್ತು. ಎತ್ತಿಕೊಂಡು ಹೋಗಲಿಕ್ಕೆ ಆಗಲಿಲ್ಲ. ಅಲ್ಲೇ ಕೂತು ಅದನ್ನು ಸೆರಗಿನಲ್ಲಿ ಒರೆಸಿ, ಕುಂಕುಮ ಇಟ್ಟು ಬಂದರು.

ಗೆಳತಿ ಇದನ್ನು ಅನುವಾದ ಮಾಡುವಾಗ ಅರ್ಧಕ್ಕೇ ನಿಲ್ಲಿಸಿದಳು. ಅಪ್ಪ ಅರ್ಥವಾಯಿತು ಅನ್ನುವ ಹಾಗೆ ಕೈ ಎತ್ತಿದರು.

ಗೊರೂರು ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಸಮುದ್ರಮಟ್ಟದಿಂದ 2,922 ಅಡಿಗೆ ತುಂಬಿದರೆ 37.10 ಟಿಎಂಸಿ. ಇಂಥ ಲೆಕ್ಕದಲ್ಲೇ ಕಾವೇರಿ ಹಂಚಿಕೆ ಆಗಿರುವುದು. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ತೀರ್ಪು ಕೊಟ್ಟಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಎಂದಿತು. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ದಾಟಬೇಕು. ಈ ಅಂಕಿಗಳು ಬೇಕು, ಇಲ್ಲದಿದ್ದರೆ ಬಲವಿದ್ದವರದೇ ನೀರು. ಆದರೆ ಮಳೆ ಚೆನ್ನಾಗಿದ್ದ ವರ್ಷ ಈ ಅಂಕಿ ಯಾರಿಗೂ ನೆನಪಾಗುವುದಿಲ್ಲ. ಮಳೆ ಇಲ್ಲದ ವರ್ಷ ಕಷ್ಟವನ್ನು ಹೇಗೆ ಹಂಚಿಕೊಳ್ಳುವುದು ಅನ್ನುವುದೇ ಜಗಳದ ಬೇರು. ಅಲ್ಲಿ ಬೇಕಾಗುವುದು ಒಬ್ಬರ ಮೇಲೊಬ್ಬರಿಗೆ ನಂಬಿಕೆ.

ಮಧ್ಯಾಹ್ನ ಹೊಳೆನರಸೀಪುರ ತಾಲ್ಲೂಕಿನ ನಮ್ಮ ನೆಂಟರ ಊರಿಗೆ ಬಂದೆವು. ಶ್ರೀರಾಮದೇವರ ಕಟ್ಟೆಯ ನಾಲೆಗೆ ನೀರು ಬಿಟ್ಟು ಎರಡು ದಿನವಾಗಿತ್ತು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಊರಿನ ಹಳೇ ನೀರುಗಂಟಿ ತಾತ ಗುದ್ದಲಿ ಹೆಗಲಿಗೇರಿಸಿ ತೂಬಿನ ಹತ್ತಿರ ನಿಂತಿದ್ದರು. ಎಪ್ಪತ್ತು ದಾಟಿದೆ. ಅಪ್ಪನಿಗೂ ಅಷ್ಟೇ.

ಇಬ್ಬರನ್ನೂ ಮಾತಾಡಲು ಬಿಟ್ಟು ನಾವು ದೂರ ಕೂತೆವು. ಅನುವಾದ ಬೇಕಾದರೆ ಕರೆಯಿರಿ ಎಂದೆ. ಕರೆಯಲಿಲ್ಲ. ಅಪ್ಪ ಗುದ್ದಲಿ ತೋರಿಸಿ, "ನೀರ್‌ಕಟ್ಟಿ?" ಎಂದರು. ತಾತ ಎದೆ ಮುಟ್ಟಿಕೊಂಡು, "ನೀರುಗಂಟಿ" ಎಂದರು. ಎರಡೂ ಒಂದೇ ಕೆಲಸ. ಅಪ್ಪ ತೂಬು ತೋರಿಸಿ "ಮದಗು" ಎಂದರು. "ನಮ್ಮಲ್ಲೂ ಮದಗ ಅಂತೀವಲ್ಲ" ಎಂದರು ತಾತ. ಅಣೈಕ್ಕಟ್ಟು, ಅಣೆಕಟ್ಟು. ಅಲ್ಲಿವರೆಗೆ ಸಲೀಸು. ಆಮೇಲೆ ಅಪ್ಪ "ಏರಿ ತುಂಬಿದೆಯಾ?" ಎಂದು ಕೈಸನ್ನೆಯಲ್ಲಿ ಕೇಳಿದರು. ತಾತ ಗಾಬರಿಯಾದರು. ನಮ್ಮಲ್ಲಿ ಏರಿ ಅಂದರೆ ಕೆರೆಯ ಮಣ್ಣಿನ ದಿಬ್ಬ. ಅದು ತುಂಬುವುದು ಹೇಗೆ? ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ನಾನು ಹೋಗಿ ಬಿಡಿಸಿ ಹೇಳಿದೆ. ಇಬ್ಬರೂ ಮನಸಾರೆ ನಕ್ಕರು. ತಾತ ಬೀಡಿ ಕೊಟ್ಟರು. ಬೀಡಿ ಬಿಟ್ಟು ಹತ್ತು ವರ್ಷವಾದ ಅಪ್ಪ ಅದನ್ನು ತೆಗೆದುಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡರು.

ಆಮೇಲೆ ತಾತ ಸರದಿ ಹೇಗೆ ಎಂದು ತೋರಿಸಿದರು. ಯಾರ ಗದ್ದೆಗೆ ಎಷ್ಟು ಹೊತ್ತು, ಕಡಿಮೆ ನೀರಿದ್ದಾಗ ರಾತ್ರಿ ಯಾರಿಗೆ, ಹಗಲು ಯಾರಿಗೆ. ಮೊದಲು ಕೊನೆಯ ಗದ್ದೆಗೆ ಬಿಟ್ಟು, ಆಮೇಲೆ ಮೇಲಿನವರಿಗೆ ಕೊಡುವ ವರ್ಷಗಳೂ ಉಂಟಂತೆ. ಅಪ್ಪ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತಮ್ಮ ಕಡೆಯ ಮುರೈ ತೋರಿಸಿದರು. ಹೂಳೆತ್ತಲು ಊರೆಲ್ಲ ಸೇರುವ ಕುಡಿಮರಾಮತ್ತಿನ ಬಗ್ಗೆ ಹೇಳಿದರು. ಆ ಮಣ್ಣಿನ ಗೆರೆಗಳ ಫೋಟೋ ನನ್ನ ಹತ್ತಿರ ಇದೆ. ಮನ್ನಾರ್‌ಗುಡಿಯ ವಾಯ್ಕಾಲ್ ಎಡಕ್ಕೆ, ನಮ್ಮ ನಾಲೆ ಬಲಕ್ಕೆ, ನಡುವೆ ತಾತನ ಹೆಬ್ಬೆರಳು.

ಸಂಜೆ ಸಮುದಾಯ ಭವನದಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ಪಂಚಾಯ್ತಿ ಅಧ್ಯಕ್ಷೆ, ನಾಲ್ಕೈದು ಸದಸ್ಯರು, ನೀರು ಬಳಕೆದಾರರ ಸಂಘದವರು, ಸ್ತ್ರೀಶಕ್ತಿ ಸಂಘದ ಹೆಂಗಸರು. ನಾನು ಕರೆದದ್ದು ಸುಮ್ನೆ ಕಾಫಿಗೆ. ಮಾತು ಹುಷಾರಾಗಿಯೇ ಶುರುವಾಯಿತು. ಯಾರೂ ನೀರಿನ ಸುದ್ದಿ ಎತ್ತಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು ನಿಂತ.

"ಬೇಜಾರು ಮಾಡ್ಕೋಬೇಡಿ ಸಾರ್. ಇದೇ ನಾಲೆಯ ಕೊನೆಗೆ ನಮ್ಮ ಜಮೀನು. ನಮಗೇ ನೀರು ಬರಲ್ಲ. ನಿಮಗೆ ಬಿಡಿ ಅಂದ್ರೆ ಹೆಂಗೆ?"

ಭವನ ಗಪ್‌ಚಿಪ್. ಗೆಳತಿ ಮೆಲ್ಲಗೆ ಅನುವಾದ ಮಾಡಿದಳು. ಅಪ್ಪ ಎದ್ದು ನಿಂತರು. "ತಂಬಿ, ನಾನೂ ಕೊನೆಯವನೇ" ಎಂದರು. "ಮೆಟ್ಟೂರಿನ ನೀರು ನನಗಿಂತ ಮೊದಲು ಎಷ್ಟೋ ಜನಕ್ಕೆ ಸಿಗುತ್ತೆ. ಮೇಲಿನವರ ಬೇಳೆ ಬೇಯುತ್ತೆ, ನನ್ನದು ಬೇಯಲ್ಲ. ನಿನ್ನ ಸಿಟ್ಟು ನನಗೆ ಗೊತ್ತು. ನನ್ನದೂ ಅದೇ ಸಿಟ್ಟು."

ಹುಡುಗ ಕೂರಲಿಲ್ಲ. ಅವರ ಪಕ್ಕಕ್ಕೆ ಬಂದು ಅವರನ್ನು ಕೂರಿಸಿದ. ಎಷ್ಟು ಎಕರೆ, ಎಷ್ಟು ಸಾಲ, ಗೊಬ್ಬರದ ರೇಟು ಎಷ್ಟು ಎಂದು ಕೇಳತೊಡಗಿದ. ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ತರಬೇತಿಯಲ್ಲಿ ಯಾವಾಗಲೂ ಹೇಳುವ ಎರಡು ಕಥೆ ಅವತ್ತೂ ಹೇಳಿದೆ. ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷಕ್ಕೆ, 1950ರಲ್ಲಿ, ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಮತ್ತು ಫ್ರಾನ್ಸಿನ ಮೊಂಬೆಲಿಯಾರ್ ಊರುಗಳು ನಾವು ಜೋಡಿ ಊರು ಎಂದು ಒಪ್ಪಂದ ಮಾಡಿಕೊಂಡವು. ಒಬ್ಬರನ್ನೊಬ್ಬರು ಕೊಂದ ದೇಶಗಳು. ಆಮೇಲೆ ಹೀಗೆ ಜೋಡಿಯಾದ ಫ್ರೆಂಚ್, ಜರ್ಮನ್ ಊರುಗಳು ಎರಡು ಸಾವಿರ ದಾಟಿದವು. ಇನ್ನೊಂದು, ಜೋರ್ಡಾನ್ ನದಿಯದು. ಅಲ್ಲಿ ಎಕೋಪೀಸ್ ಎಂಬ ಸಂಸ್ಥೆ 2001ರಿಂದ ಇಸ್ರೇಲ್, ಜೋರ್ಡಾನ್, ಪ್ಯಾಲೆಸ್ಟೈನಿನ ಅಕ್ಕಪಕ್ಕದ ಊರುಗಳನ್ನು ನೀರಿನ ವಿಷಯಕ್ಕೆ ಜೊತೆ ಸೇರಿಸುತ್ತ ಬಂದಿದೆ. ಆ ಊರುಗಳ ಮೇಯರ್‌ಗಳು ಕೈಕೈ ಹಿಡಿದು ನದಿಗೆ ಹಾರಿದ್ದರು, ಕೊಳೆಯಾದ ಹೊಳೆಯನ್ನು ಉಳಿಸಿ ಅಂತ. ಅಲ್ಲಿನ ಯುದ್ಧ ಅದರಿಂದ ನಿಲ್ಲಲಿಲ್ಲ, ಅದೂ ನಿಜ. ಆದರೂ ಆ ಊರುಗಳವರಿಗೆ ಎದುರು ದಂಡೆಯಲ್ಲಿ ಗುರುತಿನವರು ಅಂತ ಇದ್ದಾರೆ.

"ಅದೆಲ್ಲ ಸರಿ ಮೇಡಂ, ನಮ್ಮ ಪಂಚಾಯ್ತಿ ಕೈಲಿ ಏನಾಗುತ್ತೆ?" ಎಂದರು ಒಬ್ಬ ಸದಸ್ಯರು. ಸರಿಯಾದ ಪ್ರಶ್ನೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆಂದು 29 ವಿಷಯಗಳಿವೆ. ಸಣ್ಣ ನೀರಾವರಿ, ನೀರಿನ ನಿರ್ವಹಣೆ ಅದರಲ್ಲಿದೆ. ಎರಡು ರಾಜ್ಯದ ನಡುವಿನ ನದಿ ಅದರಲ್ಲಿಲ್ಲ. ಕಾವೇರಿ ನೀರನ್ನು ಹಂಚುವ ಅಧಿಕಾರ ಯಾವ ಪಂಚಾಯ್ತಿಗೂ ಇಲ್ಲ.

ಆಗ ಮಾತಾಡಿದವರು ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ. "ಹಂಚೋದು ಬೇಡ. ಗೊತ್ತಾಗ್ಲಿ ಸಾಕು. ಅಲ್ಲಿ ನೀರು ಪೋಲಾಗ್ತಿದೆ ಅಂತ ನಮ್ಮ ಫೋನಿಗೆ ವಿಡಿಯೋ ಬರುತ್ತೆ. ಇಲ್ಲಿ ಡ್ಯಾಂ ತುಂಬಿ ತುಳುಕ್ತಿದೆ ಅಂತ ಇವ್ರ ಫೋನಿಗೆ ಹೋಗುತ್ತೆ. ಯಾವ ವರ್ಷದ್ದೋ ಏನೋ. ಅಂಥದ್ದು ಬಂದ ದಿನ ಇವ್ರಿಗೊಂದು ಫೋನ್ ಮಾಡಿ ಕೇಳಿದ್ರೆ ಆಯ್ತಲ್ವಾ?"

ನಾನು ವರ್ಷಗಟ್ಟಲೆ ಪಾಠ ಮಾಡಿದರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಅಧ್ಯಕ್ಷೆ ಡೈರಿ ತೆಗೆದು ಬರೆದುಕೊಂಡರು. ವಾರಕ್ಕೊಮ್ಮೆ ಎರಡೂ ಕಡೆಯಿಂದ ನಾಲೆಯ ಫೋಟೋ, ತಾರೀಖಿನ ಜೊತೆ. ಗಲಾಟೆಯ ಸುದ್ದಿ ಬಂದರೆ ಹಂಚುವ ಮುಂಚೆ ಫೋನು. ಇಲ್ಲಿಂದ ಐದು ಜನ ಸಂಕ್ರಾಂತಿ ಕೊಯ್ಲಿಗೆ ಅಲ್ಲಿಗೆ. ಅಪ್ಪನ ಊರಿನ ಪಂಚಾಯ್ತಿಗೆ ಒಂದು ಕಾಗದ, ಕನ್ನಡದಲ್ಲಿ ಮತ್ತು ತಮಿಳಿನಲ್ಲಿ. ಮುಂದಿನ ಸಭೆಯಲ್ಲಿ ಇಟ್ಟು ಎಲ್ಲರನ್ನೂ ಒಪ್ಪಿಸುವುದು ತನ್ನ ಜವಾಬ್ದಾರಿ ಎಂದರು. ಒಪ್ಪದವರೂ ಇದ್ದಾರೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು.

ನಾಲ್ಕನೇ ದಿನ

ಶ್ರವಣಬೆಳಗೊಳಕ್ಕೆ ಹೋಗೋಣ ಎಂದವಳು ಗೆಳತಿ. ರೈಲು ಅಲ್ಲಿಂದಲೇ ಹತ್ತಬಹುದಿತ್ತು.

600ಕ್ಕೂ ಜಾಸ್ತಿ ಮೆಟ್ಟಿಲು. ಅಪ್ಪ ಡೋಲಿ ಬೇಡ ಎಂದು ನಿಂತು ನಿಂತು ಹತ್ತಿದರು. 58 ಅಡಿಯ ಗೊಮ್ಮಟನ ಪಾದದ ಪಕ್ಕದಲ್ಲಿ ಇದನ್ನು ಚಾವುಂಡರಾಯ ಮಾಡಿಸಿದ ಎನ್ನುವ ಸಾಲು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲೂ ಇದೆ. ಸಾವಿರ ವರ್ಷದ ಹಿಂದೆ ಈ ಬೆಟ್ಟಕ್ಕೆ ಬರುವವರಲ್ಲಿ ಆ ಮೂರೂ ಭಾಷೆಯವರು ಇದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ತೋರಿಸಬೇಕಿದ್ದದ್ದು ಮಾತ್ರ ಕೆಳಗೆ, ಊರೊಳಗಿನ ಭಂಡಾರಿ ಬಸದಿಯಲ್ಲಿರುವ ಶಾಸನ. 1368ರದು. ವಿಜಯನಗರದ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡಿನ ಜೈನರು ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಮೊದಲಿನ ಹಾಗೇ ಪಂಚಮಹಾವಾದ್ಯ, ಕಳಶ ಸಲ್ಲುತ್ತದೆ ಎಂದು ಬರೆಸಿದ.

ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಕೈ ಹಿಡಿಸಿ ಕಳಿಸಿಬಿಡಲಿಲ್ಲ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ (ಆ ಕಾಲದ ನಾಣ್ಯ) ಎತ್ತಬೇಕು. ಅದನ್ನು ತಿರುಮಲೆಯ ತಾತಯ್ಯನಿಗೆ ಕೊಡಬೇಕು, ಅಂದರೆ ಎದುರು ಪಕ್ಷದವರ ಕೈಗೆ. ಅವರು ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡಬೇಕು. ಮಿಕ್ಕಿದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ತಪ್ಪಿದವನು ರಾಜನಿಗೆ ಮಾತ್ರವಲ್ಲ, ಸಂಘಕ್ಕೆ, ಸಮುದಾಯಕ್ಕೆ ದ್ರೋಹಿ. ನಿನ್ನೆಯವರೆಗೆ ಜಗಳವಾಡಿದವರಿಗೆ ಜೊತೆಯಲ್ಲಿ ಮಾಡಲು ಒಂದು ಕೆಲಸ ಕೊಟ್ಟರು, ಲೆಕ್ಕ ಕೊಟ್ಟರು, ಸುಣ್ಣದ ಖರ್ಚನ್ನೂ ಮರೆಯಲಿಲ್ಲ.

ಆ ರಾಜಿಗೆ ಯಾರೆಲ್ಲ ಆಚಾರ್ಯರು ಸೇರಿದ್ದರು ಅನ್ನುವುದೂ ಕಲ್ಲಿನಲ್ಲಿದೆ. ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರ. ನಾನು ಓದುತ್ತಿದ್ದ ಹಾಗೆ ಅಪ್ಪ ತಡೆದರು.

"ಕೋವಿಲ್ ಅಂದ್ರೆ ಶ್ರೀರಂಗಂ!"

ಹೌದು. ವೈಷ್ಣವರಿಗೆ ಬರೀ ಕೋವಿಲ್ ಅಂದರೆ ಶ್ರೀರಂಗ, ಪೆರುಮಾಳ್ ಕೋವಿಲ್ ಅಂದರೆ ಕಂಚಿ, ತಿರುನಾರಾಯಣಪುರ ಅಂದರೆ ನಮ್ಮ ಮೇಲುಕೋಟೆ. ಹಾಸನದ ಈ ಊರಿನ ರಾಜಿಯಲ್ಲಿ ತಮಿಳುನಾಡಿನ ಕಾವೇರಿ ನಡುಗಡ್ಡೆಯ ಶ್ರೀರಂಗದವರೂ ಸೇರಿದ್ದರು. ಅಪ್ಪ ಕಲ್ಲಿನ ಹತ್ತಿರ ಹೋಗಿ ಆ ಪದ ಎಲ್ಲಿದೆ ಎಂದು ಕೇಳಿದರು. ಆ ಕಾಲದ ಕನ್ನಡ ಅಕ್ಷರ ನನಗೂ ತಡವರಿಸುತ್ತದೆ. ಬಹಳ ಹೊತ್ತು ಹುಡುಕಿದೆವು.

ರೈಲು ನಿಲ್ದಾಣಕ್ಕೆ ನೀರುಗಂಟಿ ತಾತನೂ ಆ ಕೊನೆಯ ಜಮೀನಿನ ಹುಡುಗನೂ ಬೈಕಿನಲ್ಲಿ ಬಂದಿದ್ದರು. ಅಷ್ಟು ದೂರ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ತಾತ ಒಂದು ಬಟ್ಟೆ ಗಂಟಿನಲ್ಲಿ ಎರಡು ಸೇರು ರಾಜಮುಡಿ ಬೀಜದ ಭತ್ತ ತಂದಿದ್ದರು. ನಮ್ಮ ಹೊಳೆನರಸೀಪುರ ಸೀಮೆಯ ಹಳೇ ತಳಿ. ಅಪ್ಪ ತಮ್ಮ ಚೀಲದಿಂದ ಮಾಪ್ಪಿಳ್ಳೈ ಸಾಂಬಾ ತೆಗೆದರು. ಮದುಮಗನ ಸಾಂಬಾ ಅಂತ ಅರ್ಥ, ಕೆಂಪು ಅಕ್ಕಿ. ನನಗೆ ಕೊಡಲು ತಂದಿದ್ದು, ತಾತನಿಗೆ ಕೊಟ್ಟರು. ತಾತ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು, ಉಗುರಿನಲ್ಲಿ ಸಿಪ್ಪೆ ಬಿಡಿಸಿ, ಕಚ್ಚಿ ನೋಡಿದರು. "ಗಟ್ಟಿ ಕಾಳು" ಎಂದರು.

ರೈಲು ಬರುವಾಗ ಹುಡುಗ ಇಬ್ಬರ ಫೋನಿಗೂ ನಂಬರ್ ಹಾಕಿಕೊಟ್ಟ. "ನೀರು ಮುಟ್ಟಿದ ದಿನ ಫೋನ್ ಮಾಡಿ" ಎಂದು ತಾತ ಕೈಸನ್ನೆ ಮಾಡಿ ಹೇಳಿದರು.

ಆಗಸ್ಟ್‌ನಲ್ಲಿ ಒಂದು ಸಂಜೆ ತಾತ ನನಗೆ ಫೋನ್ ಮಾಡಿದರು. ಮನ್ನಾರ್‌ಗುಡಿಯಿಂದ ಕರೆ ಬಂದಿತ್ತಂತೆ.

"ಏನಂದ್ರು ತಾತ? ಅರ್ಥ ಆಯ್ತಾ?"

"ಆಗ್ದೆ ಏನು. 'ನೀರ್ ವಂದಾಚ್ಚು' ಅಂದ್ರು. ಹಿಂದುಗಡೆ ಶಬ್ದಾನೂ ಕೇಳುಸ್ತು. ಕಾಲುವೇಲಿ ಮೊದ್ಲ ದಿನದ ನೀರು ಹರಿಯೋ ಶಬ್ದ ನಂಗೆ ಗೊತ್ತಿಲ್ವಾ?"